ಐದು ಗಂಟೆಯ ಹಡಗು

ಬದ್ರುದ್ದೀನ್ ಸುಳ್ಳು ಹೇಳುವ ಮನುಷ್ಯನಲ್ಲ. ಆದರೆ ನಿಜವನ್ನು ಒಗ್ಗರಣೆ ಹಾಕದೆ ಬಡಿಸಿ ಅವನಿಗೆ ಅಭ್ಯಾಸವಿರಲಿಲ್ಲ. ಮಾರುಕಟ್ಟೆಗೆ ದೊಡ್ಡ ಅಂಜಲ್ ಮೀನು ಬಂದಿತ್ತು ಎಂದು ಹೇಳಿ ಸುಮ್ಮನಾಗಬಹುದಾದ ಕಡೆ, ಅದು ರಿಕ್ಷಾದಲ್ಲಿ ಹಿಡಿಸದೆ ಟೆಂಪೋ ತರಿಸಬೇಕಾಯಿತು ಎಂದು ಸೇರಿಸುವವನು. ಕಾಪು ಬೀಚಿನಲ್ಲಿ, ದೀಪಸ್ತಂಭದ ಬಂಡೆಯ ಬುಡದಲ್ಲಿ ಚರುಮುರಿ ಗಾಡಿ ಇಟ್ಟುಕೊಂಡವನಿಗೆ ಇದರಿಂದ ನಷ್ಟವೇನೂ ಇರಲಿಲ್ಲ. ಚರುಮುರಿ ತಿನ್ನುತ್ತ ಮಾತು ಕೇಳುವವರಿಗೆ ಎರಡರಲ್ಲೂ ಖಾರ ಬೇಕು.

ನಷ್ಟವಾಗುವ ದಿನ ಬಂದದ್ದು ಮೊಬೈಲಿನಲ್ಲಿ. ಕೊಚ್ಚಿಯ ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಕೆಲಸ ಮಾಡುವ ಸೋದರಳಿಯ ಫೈಝಲ್ ಬೆಳಿಗ್ಗೆ ದನಿಮುದ್ರಿಕೆ ಕಳಿಸಿದ್ದ. "ಮಾಮ, ನಾವು ಕೆಲಸ ಮಾಡಿದ ಆ ವಿಮಾನ ಹೊರುವ ದೊಡ್ಡ ಹಡಗು ಉಂಟಲ್ಲ, ಅದು ನಸುಕಿನಲ್ಲಿ ಹೊರಟಿತು. ಕಾರವಾರಕ್ಕೆ. ಇನ್ನು ಅದರ ಮನೆ ಅಲ್ಲೇ. ನಿಮ್ಮ ಊರಿನ ಎದುರಿನಿಂದಲೇ ಹೋಗ್ತದೆ."

ಅಷ್ಟೇ. ಗಂಟೆಯ ಸುದ್ದಿಯೇ ಅದರಲ್ಲಿರಲಿಲ್ಲ.

ಬದ್ರುದ್ದೀನ್ ಗಾಡಿಗೆ ಈರುಳ್ಳಿ ತುಂಬಿಸುತ್ತಿದ್ದಾಗ ನೆರೆಮನೆಯ ಹರಿಣಾಕ್ಷಿ ಬೆಳಗಿನ ನಡಿಗೆ ಮುಗಿಸಿ ಬಂದಳು. ಮಹಿಳಾ ಮಂಡಳಿಯ ಕಾರ್ಯದರ್ಶಿ. ಅವಳ ಕಿವಿಗೆ ಬಿದ್ದದ್ದು ಅರ್ಧ ಗಂಟೆಯಲ್ಲಿ ಪಕ್ಕದ ಊರು ಎರ್ಮಾಳ್ ದಾಟಿರುತ್ತದೆ ಎಂದು ಪ್ರತೀತಿ. ಬದ್ರುದ್ದೀನ್ ಹಡಗಿನ ವಿಷಯ ಹೇಳಿದ.

"ಹೌದಾ ಬದ್ರಾಕ? ಎಷ್ಟು ಗಂಟೆಗೆ ಬರ್ತದೆ?"

ಸಂಜೆಗೆ ಬರಬಹುದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬರೀ ‘ಸಂಜೆ’ ಎನ್ನುವುದು ಅವನಿಗೆ ಈರುಳ್ಳಿ ಹಾಕದ ಚರುಮುರಿಯ ಹಾಗೆ ಕಂಡಿತು.

"ಸರಿಯಾಗಿ ಐದು ಗಂಟೆಗೆ" ಎಂದ.

ಹರಿಣಾಕ್ಷಿ ಆಗಲೇ ಫೋನು ತೆಗೆದಿದ್ದಳು.

ಬೇರೆ ದಿನವಾಗಿದ್ದರೆ ಇದರಿಂದ ಏನೂ ಕೆಡುತ್ತಿರಲಿಲ್ಲ. ಆದರೆ ಅಂದು ಬೆಳಿಗ್ಗೆಯೇ ಅವನ ಹೆಂಡತಿ ಸಫಿಯಾ ಚಹಾ ಕೊಡುತ್ತ ಒಂದು ಮಾತು ತೆಗೆದುಕೊಂಡಿದ್ದಳು. ಅವಳ ತಮ್ಮ ಅಶ್ರಫ್ ದಮ್ಮಾಮ್‌ನ ಕೆಲಸ ಬಿಟ್ಟು ಊರಿಗೆ ಬಂದು, ಕಾಪು ಪೇಟೆಯಲ್ಲಿ ಹೈವೇ ಪಕ್ಕ ಬೇಕರಿ ತೆರೆಯುವವನಿದ್ದ. ಗಲ್ಲಾದಲ್ಲಿ ಕೂರಲು ನಂಬಿಕೆಯ ಜನ ಬೇಕಿತ್ತು. ಭಾವನನ್ನೇ ಕೂರಿಸೋಣವೆಂದು ಅವನಿಗೂ ಮನಸ್ಸಿತ್ತು. ಭಾವನ ಮಾತುಗಳನ್ನು ನೆನೆದಾಗ ಮಾತ್ರ ಮನಸ್ಸು ಹಿಂದೆಗೆಯುತ್ತಿತ್ತು.

"ಇವತ್ತು ಸಂಜೆ ಅವನು ನಿರ್ಧಾರ ಹೇಳ್ತಾನಂತೆ" ಎಂದಿದ್ದಳು ಸಫಿಯಾ. "ಫ್ಯಾನಿನ ಕೆಳಗೆ ಕೂತು ಮಾಡುವ ಕೆಲಸ. ನಿಮ್ಮ ಮಂಡಿ ಆ ಬೀಚಿನ ಹೊಯಿಗೆಯಲ್ಲಿ ಇನ್ನೆಷ್ಟು ವರ್ಷ ನಿಂತೀತು? ಇವತ್ತೊಂದು ದಿನ ಕಣ್ಣಲ್ಲಿ ಕಂಡದ್ದನ್ನು ಮಾತ್ರ ಹೇಳಿ. ಅದಕ್ಕೆ ಬಾಲ ಕಟ್ಟಬೇಡಿ."

"ಆಯ್ತು ಮಾರಾಯ್ತಿ" ಎಂದು ಮಾತು ಕೊಟ್ಟು ಬಂದ ಬದ್ರುದ್ದೀನನಿಗೆ, ಹರಿಣಾಕ್ಷಿ ಹೋದ ಮೇಲೆ ಅದು ನೆನಪಾಯಿತು.

ಮಧ್ಯಾಹ್ನದ ಹೊತ್ತಿಗೆ ಅವನ ಹಡಗು ಫೋನಿನಿಂದ ಫೋನಿಗೆ ಕಾರ್ಕಳಕ್ಕೆ ಹೋಗಿ ತಿರುಗಿ ಬಂದಿತ್ತು. ಹೋಗುವಾಗ ಬರೀ ಹಡಗಾಗಿದ್ದದ್ದು, ಬರುವಾಗ ಮೈತುಂಬ ವಿಮಾನ ಹೊತ್ತುಕೊಂಡು ಬಂದಿತು. ಪರಿಚಯವೇ ಇಲ್ಲದವರೊಬ್ಬರು ಫೋನು ಮಾಡಿ, "ಐದು ಗಂಟೆಗೆ ವಿಮಾನಗಳು ಹಡಗಿನಿಂದ ಹಾರಿ ದೀಪಸ್ತಂಭಕ್ಕೆ ಸುತ್ತು ಹಾಕ್ತವಂತಲ್ಲ, ಮಕ್ಕಳನ್ನು ಕರ್ಕೊಂಡು ಬಂದರೆ ತೊಂದರೆ ಉಂಟಾ?" ಎಂದು ಕೇಳಿದರು. ಬದ್ರುದ್ದೀನನಿಗೇ ಕ್ಷಣಕಾಲ ಆಸೆಯಾಯಿತು. ಅಂಥದ್ದಿದ್ದರೆ ತಾನೂ ನೋಡಬಹುದಲ್ಲ.

ಫೈಝಲನಿಗೆ ಫೋನು ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಮಲಯಾಳದ ಹುಡುಗಿಯೊಬ್ಬಳು ಬಹಳ ಮರ್ಯಾದೆಯಿಂದ ಅದನ್ನೇ ಹೇಳಿದಳು.

ಆಗ ಸಫಿಯಾಳ ಫೋನು ಬಂತು. "ಎಂತ ಮಾಡಿ ಇಟ್ಟಿದ್ದೀರಿ ನೀವು? ಅಶ್ರಫನಿಗೂ ಸುದ್ದಿ ಹೋಗಿದೆ. ಹೆಂಡತಿ ಮಕ್ಕಳನ್ನು ಕರ್ಕೊಂಡು ಬರ್ತಾನಂತೆ. ‘ಭಾವನ ಒಂದು ಮಾತಾದರೂ ನಿಜ ಆಗ್ತದಾ ನೋಡುವ. ಹಡಗು ಬಂದರೆ ಗಲ್ಲಾದ ಬೀಗದಕೈ ಅವರಿಗೆ’ ಅಂದ."

"ಬಾರದಿದ್ದರೆ?"

"ಬಾರದಿದ್ದರೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಗಾಡಿಯಲ್ಲೇ ನಿಂತಿರಿ."

ನಾಲ್ಕು ಗಂಟೆಗೆಲ್ಲ ಬೀಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದೀಪಸ್ತಂಭದ ಬಂಡೆ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನರಿಂದ ಕಪ್ಪಾಗಿತ್ತು. ಮಣಿಪಾಲದಿಂದ ವಿದ್ಯಾರ್ಥಿಗಳು ಬೈಕಿನಲ್ಲಿ ಬಂದರು. ಅಲೆವೂರಿನಿಂದ ಒಂದು ಮದುವೆಯ ಬಸ್ಸೇ ತನ್ನ ದಾರಿ ಬಿಟ್ಟು ಬಂತು. ಅದರಲ್ಲಿ ಮದುಮಗನೂ ಇದ್ದ. ಕಾರ್ಕಳದ ಕಾರ್ಲ್ಟನ್ ತನ್ನ ಮೊಬೈಲ್ ಚಾನೆಲ್ಲಿಗೆ ನೇರ ಪ್ರಸಾರ ಮಾಡಲು ಕೋಲಿಗೆ ಫೋನು ಕಟ್ಟಿಕೊಂಡು ನಿಂತಿದ್ದ. ಎಲ್ಲರಿಗಿಂತ ಮುಂದೆ, ಮನೆಯಿಂದಲೇ ತಂದ ಕುರ್ಚಿಯಲ್ಲಿ, ಕಡಿಯಾಳಿಯ ಅನಂತಪದ್ಮನಾಭರಾಯರು ಕೂತಿದ್ದರು. ನಿವೃತ್ತ ಬ್ಯಾಂಕ್ ಮ್ಯಾನೇಜರು. ಕೊರಳಲ್ಲಿ ಹೊಚ್ಚ ಹೊಸ ದುರ್ಬೀನು. ಆನ್‌ಲೈನಿನಲ್ಲಿ ತರಿಸಿದ್ದು, ನಿನ್ನೆಯಷ್ಟೇ ಬಂದದ್ದು.

ಬದ್ರುದ್ದೀನ್ ಹಡಗಿನ ವೇಗ ತಗ್ಗಿಸಲು ನೋಡಿದ. "ಅಂದರೆ... ಐದು ಅಂತ ಅಂದಾಜು. ಕಡಲಲ್ವಾ? ಆರೂ ಆಗಬಹುದು. ದೂರದಲ್ಲಿ ಹೋದರೆ ಕಾಣದೆಯೂ ಇರಬಹುದು" ಎಂದು ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಷ್ಟು ವರ್ಷ ಅವನು ಕೂಡಿಸಿ ಹೇಳಿದ್ದನ್ನೆಲ್ಲ ನಂಬಿದ ಜನ, ಮೊದಲ ಬಾರಿ ಕಳೆದು ಹೇಳಿದ್ದನ್ನು ನಂಬಲಿಲ್ಲ.

ಅಶ್ರಫ್ ಕಾರಿನಿಂದ ಇಳಿದು ಬಂದು ಪಕ್ಕದಲ್ಲಿ ನಿಂತ. ಕೈಗಡಿಯಾರ ನೋಡಿದ. ಕಡಲು ನೋಡಿದ. ಭಾವನ ಮುಖ ನೋಡಿದ. ಆ ನೋಟದ ಭಾರಕ್ಕೆ ಬದ್ರುದ್ದೀನ್ ಒಂದೇ ಚರುಮುರಿಗೆ ಎರಡು ಸಲ ಮೆಣಸಿನ ಹುಡಿ ಹಾಕಿದ. ತಿಂದ ವಿದ್ಯಾರ್ಥಿ ನೀರಿಗಾಗಿ ಕಡಲ ಕಡೆಗೇ ಓಡಿದ.

ಐದಾಯಿತು. ಕಡಲು ಖಾಲಿ ಬಟ್ಟಲಿನ ಹಾಗಿತ್ತು. ಮತ್ತೂ ಸ್ವಲ್ಪ ಹೊತ್ತಾಯಿತು. ಮಕ್ಕಳು ಅಳತೊಡಗಿದವು. "ಎಲ್ಲಿ ಉಂಟು ಹಡಗು?" "ಯಾರು ಹೇಳಿದ್ದು?" "ಚರುಮುರಿಯವನಂತೆ." "ಅವನ ಮಾತು ಕೇಳಿಕೊಂಡು ಬಂದದ್ದಾ ನಾವು?" ಮದುಮಗನ ಮಾವ ಅಂಗಿಯ ತೋಳು ಮೇಲಕ್ಕೆ ಮಡಚತೊಡಗಿದ್ದು ಬದ್ರುದ್ದೀನನಿಗೆ ಕಾಣಿಸಿತು.

ಅಷ್ಟರಲ್ಲಿ ಅನಂತಪದ್ಮನಾಭರಾಯರು ಗಂಭೀರವಾಗಿ ಎದ್ದು, ದುರ್ಬೀನನ್ನು ಕಣ್ಣಿಗೆ ಒತ್ತಿಕೊಂಡರು.

"ಹೂಂ" ಎಂದರು. "ಉಂಟು."

ಬೀಚಿನ ಕತ್ತುಗಳೆಲ್ಲ ಅವರ ಕಡೆ ತಿರುಗಿದವು.

"ಎಂತ ಕಾಣ್ತದೆ ರಾಯರೆ?" ಕಾರ್ಲ್ಟನ್ ಕೋಲು ಚಾಚಿದ.

"ಕಪ್ಪಗೆ. ಬಹಳ ದೊಡ್ಡದು."

"ಎಷ್ಟು ದೊಡ್ಡದು?"

ರಾಯರು ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ದನಿಯಲ್ಲಿ ಭಕ್ತಿ ಬಂತು. "ತುದಿಯೇ ಕಾಣುವುದಿಲ್ಲ ಮಾರಾಯ. ಎತ್ತ ತಿರುಗಿದರೂ ಹಡಗೇ."

ಇನ್ನೇನು ಬೇಕು? ಮಹಿಳಾ ಮಂಡಳಿಗೆ ಸುದ್ದಿ ಹಂಚಿದ್ದ ಹರಿಣಾಕ್ಷಿಗೆ ಮೊದಲು ಕಂಡಿತು. "ಓ ಅಲ್ಲಿ, ಆ ಮೋಡದ ಬುಡದಲ್ಲಿ" ಎಂದಳು. ಕಾರ್ಲ್ಟನ್ನನಿಗೆ ಕಂಡಿತು. ಅಷ್ಟು ದೂರದಿಂದ ಮಕ್ಕಳನ್ನು ಕರೆತಂದ ಅಪ್ಪಂದಿರಿಗೆಲ್ಲ ಒಟ್ಟಿಗೇ ಕಂಡಿತು. "ಬಿಳಿ ಬಟ್ಟೆ ಹಾಕಿದ ನಾವಿಕರು ಸಾಲಾಗಿ ನಿಂತಿದ್ದಾರೆ" ಎಂದು ಒಬ್ಬರು. "ಒಂದು ವಿಮಾನ ಹಾರಿತು, ನೋಡಿದ್ರಾ?" ಎಂದು ಇನ್ನೊಬ್ಬರು. ಗಿಡುಗವೊಂದು ಹಾರಿದ್ದು ನಿಜ. ಚಪ್ಪಾಳೆ ಬಿತ್ತು. ಮದುವೆಯ ಬಸ್ಸಿನವರು ಬ್ಯಾಂಡು ಬಾರಿಸಿದರು. ಹೊಸ ಹಡಗು ಗಂಡನ ಮನೆಗೆ ಹೊರಟಿದೆ ಎಂದು ಹರಿಣಾಕ್ಷಿ ಕಣ್ಣೊರೆಸಿಕೊಂಡಳು.

ಬದ್ರುದ್ದೀನ್ ಕಣ್ಣು ಕಿರಿದು ಮಾಡಿ ನೋಡಿದ. ಹಿಗ್ಗಿಸಿ ನೋಡಿದ. ಮೋಡ ಇತ್ತು. ನೀರು ಇತ್ತು.

"ನೀವೂ ನೋಡಿ ಬದ್ರುದ್ದೀನ್ ಬ್ಯಾರಿಗಳೇ, ನಿಮ್ಮದೇ ಹಡಗು" ಎಂದು ರಾಯರು ಉದಾರವಾಗಿ ದುರ್ಬೀನು ಕೊಟ್ಟರು.

ಕೈಗೆ ತೆಗೆದುಕೊಂಡ ಬದ್ರುದ್ದೀನನಿಗೆ ಎಲ್ಲ ತಿಳಿಯಿತು. ದುರ್ಬೀನಿನ ಎರಡೂ ಗಾಜುಗಳ ಮುಂದೆ, ಪೆಟ್ಟಿಗೆಯಿಂದ ಬಂದ ಕಪ್ಪು ಮುಚ್ಚಳಗಳು ಹಾಗೇ ಇದ್ದವು.

ಮೆಲ್ಲನೆ ಮುಚ್ಚಳ ಕಳಚಿ, ಒಮ್ಮೆ ನೋಡಿದ. ಈಗ ನೀರು ಹತ್ತಿರದಲ್ಲೇ ಖಾಲಿಯಾಗಿತ್ತು.

"ಭಾವ" ಎಂದ ಅಶ್ರಫ್, ಬಹಳ ದಿನದ ಮೇಲೆ ನಗುತ್ತ. ಜೇಬಿನಲ್ಲಿ ಬೀಗದಕೈ ಗಲಗಲ ಅಂದಿತು. "ನಿಮ್ಮ ಮಾತು ನಿಜ ಆಯ್ತು. ನನಗೂ ಕಂಡಿತು. ಹೇಗುಂಟು ಹಡಗು?"

ಹೂಂ ಅಂದರೆ ಸಾಕಿತ್ತು. ಒಂದು ಒಗ್ಗರಣೆ, ಇಷ್ಟು ವರ್ಷ ಪುಕ್ಕಟೆ ಹಾಕಿದಂಥದ್ದೇ. ಫ್ಯಾನಿನ ಗಾಳಿ ಆಗಲೇ ತಲೆಯ ಮೇಲೆ ಬೀಸಿದಂತಾಯಿತು. ಆದರೆ ಬೆಳಗಿನ ಚಹಾದ ಲೋಟ ಹಿಡಿದ ಸಫಿಯಾಳ ಮುಖ ಎದುರಿಗೆ ಬಂತು. ಕಣ್ಣಲ್ಲಿ ಕಂಡದ್ದನ್ನು ಮಾತ್ರ.

"ನನಗೆ ಕಾಣಲಿಲ್ಲ ಅಶ್ರಫ್" ಎಂದ ಬದ್ರುದ್ದೀನ್. "ಅಲ್ಲಿ ಎಂತದೂ ಇಲ್ಲ."

ಅಶ್ರಫನ ನಗು ನಿಂತಿತು. ಬದ್ರುದ್ದೀನ್ ಸಾಕ್ಷಿಗೆಂದು ಅಂಗೈ ಬಿಚ್ಚಿ ಮುಚ್ಚಳಗಳನ್ನು ತೋರಿಸಿದ. ರಾಯರು ಅದನ್ನು ಕಂಡು, "ಅರೆ, ಇದಕ್ಕೆ ಮುಚ್ಚಳ ಬೇರೆ ಇತ್ತಾ? ಒಳ್ಳೆಯದಾಯ್ತು" ಎಂದು ತೆಗೆದುಕೊಂಡು ಜೇಬಿಗೆ ಹಾಕಿದರು. ಸಾಕ್ಷಿ ಅಲ್ಲಿಗೆ ಮುಗಿಯಿತು.

"ಇಡೀ ಬೀಚಿಗೆ ಕಂಡಿದೆ" ಎಂದ ಅಶ್ರಫ್ ಚಿಂತೆಯಿಂದ. "ಸುದ್ದಿ ತಂದ ನಿಮಗೇ ಕಾಣುವುದಿಲ್ಲ ಅಂದರೆ ಎಂತ ಹೇಳುವುದು?"

"ಕಣ್ಣಿನ ದೋಷ" ಎಂದರು ರಾಯರು. "ಈ ವಯಸ್ಸಿಗೆ ಆಗ್ತದೆ. ಬ್ಯಾಂಕಿನಲ್ಲಿ ನಾವು ಮೊದಲು ನೋಡುತ್ತಿದ್ದದ್ದೇ ಅದು. ಅಷ್ಟು ದೊಡ್ಡ ಹಡಗು ಕಾಣದವರಿಗೆ ಐನೂರರ ನೋಟು ಹೇಗೆ ಕಂಡೀತು?"

ಹರಿಣಾಕ್ಷಿ "ಪಾಪ ಬದ್ರಾಕ" ಎಂದಳು. ಆ ‘ಪಾಪ’ ಅರ್ಧ ಗಂಟೆಯಲ್ಲಿ ಎರ್ಮಾಳ್ ದಾಟುತ್ತದೆಂದು ಅವನಿಗೆ ಗೊತ್ತಿತ್ತು. ಅಶ್ರಫ್ ಬೀಗದಕೈಯನ್ನು ಜೇಬಿನ ಇನ್ನೂ ಆಳಕ್ಕೆ ತಳ್ಳಿ, ಮಕ್ಕಳನ್ನು ಕರೆದುಕೊಂಡು ಕಾರು ಹತ್ತಿದ.

ಸೂರ್ಯ ನೀರಿಗಿಳಿಯುವ ಹೊತ್ತಿಗೆ ಬೀಚು ಬರಿದಾಗಿತ್ತು. ಕಾರ್ಲ್ಟನ್ನನ ನೇರ ಪ್ರಸಾರವನ್ನು ನೋಡಿ ಓಡಿ ಬಂದ ಸಫಿಯಾ, ಗಂಡ ಬೋರಲು ಹಾಕಿದ ಡಬ್ಬಿಯ ಮೇಲೆ ಕೂತು ಚರುಮುರಿಗೆ ಹಾಕುವ ಹೊರಿ ಅಕ್ಕಿಯ ಚೀಲ ಕಟ್ಟುತ್ತಿದ್ದುದನ್ನು ಕಂಡಳು. ಅವನು ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ಮುಚ್ಚಳದ ಭಾಗ ಬಂದಾಗಲೂ ಏನೂ ಸೇರಿಸಲಿಲ್ಲ.

ಸಫಿಯಾ ನಗಲಿಲ್ಲ. ಪಕ್ಕದಲ್ಲಿ ಕೂತು, "ಬಾಲ ಕಟ್ಟದೆ ಹೇಳಿದ್ರಲ್ಲ, ಸಾಕು ಬಿಡಿ" ಎಂದಳು. ಅವನ ಕೈಯಿಂದ ಚೀಲ ತೆಗೆದುಕೊಂಡು, "ಬೇಕರಿ ಹೋದರೆ ಹೋಗಲಿ. ನಾನೂ ಸಂಜೆಗೆ ಬಂದು ನಿಲ್ತೇನೆ. ನೀವು ಕೂತುಕೊಳ್ಳಿ" ಎಂದಳು. ಮದುವೆಯಾದಂದಿನಿಂದ ಅವಳು ತನ್ನ ಒಂದು ಮಾತನ್ನು ಪೂರ್ತಿಯಾಗಿ ನಂಬಿದ್ದು ಇದೇ ಮೊದಲೆಂದು ಬದ್ರುದ್ದೀನನಿಗೆ ಅನ್ನಿಸಿತು. ಮುಖ ಕಡಲ ಕಡೆ ತಿರುಗಿಸಿದ.

ಅಲ್ಲಿ ಹಡಗಿತ್ತು.

ಕೆಂಪು ಆಕಾಶದ ಎದುರು, ದೀಪಸ್ತಂಭದ ಬಂಡೆಯ ಆಚೆಯಿಂದ, ಬೂದು ಬಣ್ಣದ ಒಂದು ಊರೇ ತೇಲಿ ಬಂದ ಹಾಗೆ. ಮೇಲೆ ಚಪ್ಪಟೆಯ ಅಂಗಳ, ಅದರ ತುದಿ ಮುಗಿಲಿಗೆ ಎತ್ತಿದ ಮುಖದ ಹಾಗೆ ತುಸು ಮೇಲಕ್ಕೆ. ಒಂದು ಮಗ್ಗುಲಲ್ಲಿ ಗೋಪುರ. ಗೋಪುರದಲ್ಲಿ ದೀಪಗಳು ಒಂದೊಂದಾಗಿ ಹೊತ್ತುತ್ತಿದ್ದವು. ಸದ್ದಿಲ್ಲದೆ, ಅವಸರವಿಲ್ಲದೆ, ಮನೆ ಎಲ್ಲಿದೆಯೆಂದು ಗೊತ್ತಿರುವವರ ಹಾಗೆ ಅದು ಉತ್ತರಕ್ಕೆ ಸಾಗುತ್ತಿತ್ತು.

ಬದ್ರುದ್ದೀನ್ ಎದ್ದು ನಿಂತ. ಮಂಡಿಯ ನೋವು ಅವನಿಗೆ ನೆನಪಾಗಲಿಲ್ಲ. ಸಫಿಯಾಳ ಕೈಯಲ್ಲಿದ್ದ ಚೀಲ ಜಾರಿ, ಹೊರಿ ಅಕ್ಕಿಯೆಲ್ಲ ಹೊಯಿಗೆಗೆ ಚೆಲ್ಲಿತು.

ಅಷ್ಟರಲ್ಲಿ ಫೋನು ರಿಂಗಾಯಿತು. ಅಶ್ರಫ್.

"ಭಾವ, ಬೇಜಾರು ಮಾಡಬೇಡಿ" ಎಂದ. ದನಿ ಮೆತ್ತಗಿತ್ತು. "ಆಗ ನಾನು ಹಾಗೆ ಬರಬಾರದಿತ್ತು. ನೀವು ಅಷ್ಟು ಜನರ ಎದುರು ಕಾಣಲಿಲ್ಲ ಅಂತ ಒಪ್ಪಿಕೊಂಡ್ರಲ್ಲ, ಗಲ್ಲಾದಲ್ಲಿ ಅಂಥವರೇ ಬೇಕು. ಕಣ್ಣೊಂದು ಸರಿಯಾದರೆ ಕೆಲಸ ನಿಮ್ಮದೇ. ನಾಳೆ ಮಣಿಪಾಲಕ್ಕೆ ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸುವ."

"ಅಶ್ರಫ್" ಎಂದ ಬದ್ರುದ್ದೀನ್. ಕಣ್ಣಲ್ಲಿ ಕಂಡದ್ದನ್ನು ಹೇಳುವ ಚಟ ಹೊಸದಾಗಿ ಹಿಡಿದಿತ್ತು, ತಡೆಯಲಾಗಲಿಲ್ಲ. "ಈಗ ಕಾಣ್ತಾ ಉಂಟು."

"ಎಂತ?"

"ಹಡಗು. ಗೋಪುರ ಕಾಣ್ತದೆ. ದೀಪ ಕೂಡ ಕಾಣ್ತದೆ."

ಆ ಕಡೆ ಅಶ್ರಫ್ ಹೆಂಡತಿಗೆ ಪಿಸುದನಿಯಲ್ಲಿ, "ದೋಷ ನಾವು ಅಂದುಕೊಂಡದ್ದಕ್ಕಿಂತ ಜೋರುಂಟು" ಎಂದದ್ದು ಕೇಳಿಸಿತು.

"ಭಾವ, ನೀವು ಅಲ್ಲೇ ಕೂತುಕೊಳ್ಳಿ. ನೀರಿನ ಹತ್ತಿರ ಹೋಗಬೇಡಿ" ಎಂದ ಅಶ್ರಫ್, ಮಗುವಿಗೆ ಹೇಳುವ ಹಾಗೆ. "ನಾಳೆ ಬೇಡ, ಈಗಲೇ ಹೋಗುವ. ಕಾರು ಕಟಪಾಡಿ ದಾಟಿದೆ, ತಿರುಗಿಸ್ತೇನೆ."

ಸಫಿಯಾ ಹಡಗಿನಿಂದ ಕಣ್ಣು ಕೀಳದೆ ಫೋನಿಗೆ ಕೈ ಚಾಚಿದಳು. "ಕೊಡಿ ಇಲ್ಲಿ. ನನಗೂ ಕಾಣ್ತಾ ಉಂಟು ಅಂತ ನಾನು ಹೇಳ್ತೇನೆ."

ಬದ್ರುದ್ದೀನ್ ಫೋನನ್ನು ಎದೆಗೆ ಒತ್ತಿ ಹಿಡಿದ.

"ಸುಮ್ಮನೆ ಕೂತು ನೋಡು ಮಾರಾಯ್ತಿ" ಎಂದ. "ಹೇಳಿದರೆ ನಿನಗೂ ಕನ್ನಡಕ ಮಾಡಿಸ್ತಾನೆ."