ಸಂಚಾರಿಗಳು ಸಂಸಾರ ಸಮೇತ ಹೊರಟಿದ್ದು

“ಈ ಸಲ ನೀನು ಒಂದು ಕರವಸ್ತ್ರವನ್ನೂ ಹೊರಬೇಕಾಗಿಲ್ಲ. ಟಿಕೆಟ್ಟು ನಂದು, ಲಗೇಜು ನಂದು, ದಾರಿ ನಂದು! ಕೈಬೀಸಿಕೊಂಡು ಬಾ ಸಾಕು. ಪ್ರವಾಸ ಅಂದ್ರೆ ಏನು ಅಂತ ತೋರಿಸ್ತೀನಿ!”

ಹೀಗೆಂದು ಎದೆಯುಬ್ಬಿಸಿ ಘೋಷಿಸಿದವರು ಸಂಚಾರಿಗಳು. ‘ಸಂಚಾರಿ’ ಎನ್ನುವುದು ಅವರ ಕಾವ್ಯನಾಮ. ಆ ಹೆಸರಿಟ್ಟುಕೊಂಡ ಮೇಲೆ ಆಗಾಗ ಯಾರೋ ಸಂಚಾರಿ ಪೊಲೀಸರೆಂದುಕೊಂಡು ಫೋನ್ ಮಾಡಿ, “ಸ್ವಾಮಿ, ನನ್ನ ಸ್ಕೂಟರ್ ಎತ್ತಿಕೊಂಡು ಹೋಗಿದ್ದೀರಲ್ಲ, ಯಾವಾಗ ಬಿಡ್ತೀರಿ?” ಎಂದು ಅಂಗಲಾಚುವುದುಂಟು. ಆದರೂ ಅವರು ಹೆಸರು ಬದಲಾಯಿಸಲಿಲ್ಲ. ವಾರಪತ್ರಿಕೆಯೊಂದರಲ್ಲಿ ತಮ್ಮ ತಿರುಗಾಟವನ್ನು ನಗೆ ಬೆರೆಸಿ ಬರೆಯುವುದು ಅವರ ಕೆಲಸ. ಹೆಂಡತಿ ಹಲ್ಲಿನ ಡಾಕ್ಟರು. ಆಕೆಯ ಕ್ಲಿನಿಕ್ಕಿನ ಗೋಡೆಯೊಳಗೆ ಪೈಪು ಒಡೆದು, ರಿಪೇರಿಗೆಂದು ಒಂದು ವಾರ ಬಾಗಿಲು ಹಾಕಬೇಕಾಗಿ ಬಂದಿತ್ತು. ಅದೇ ಹೊತ್ತಿಗೆ ದೂರದ ಸರೋವರದ ದಡದಲ್ಲಿ ಲಾಡ್ಜು ನಡೆಸುವ ಅಭಿಮಾನಿಯೊಬ್ಬರು, “ಸಾರ್, ನಮ್ಮಲ್ಲಿ ಬಂದು ನಾಲ್ಕು ದಿನ ಇರಿ” ಎಂದು ಕರೆದಿದ್ದರು. ಎರಡೂ ಕೂಡಿ ಬಂದ ಖುಷಿಯಲ್ಲಿ ಸಂಚಾರಿಗಳ ಬಾಯಿಂದ ಆ ಮಾತು ಹೊರಬಿದ್ದಿತ್ತು.

“ನಿಜವಾಗ್ಲೂ? ಇಷ್ಟು ವರ್ಷದಲ್ಲಿ ಒಂದು ಸಲಾನೂ ಕರೆದಿರ್ಲಿಲ್ಲ!” ಎಂದು ಹೆಂಡತಿ ಆಗಲೇ ಪೆಟ್ಟಿಗೆ ಇಳಿಸತೊಡಗಿದಾಗ ಅವರಿಗೆ ತಾವಾಡಿದ್ದು ಏನೆಂದು ಹೊಳೆಯಿತು. ಇಷ್ಟು ವರ್ಷ ಕರೆಯದೆ ಇದ್ದದ್ದಕ್ಕೆ ಕಾರಣವಿತ್ತು.

ಸಂಚಾರಿಗಳ ಅಂಕಣದ ಜೀವಾಳವೆಂದರೆ ಅದರಲ್ಲಿ ಬರುವ ‘ಶ್ರೀಮತಿ’. ಅವಳು ಗೊರಕೆ ಹೊಡೆದರೆ ಬಸ್ಸಿನ ಡ್ರೈವರು ಇಂಜಿನ್ ಕೆಟ್ಟಿತೆಂದು ಕೆಳಗಿಳಿದು ಬಾನೆಟ್ ಎತ್ತುತ್ತಾನೆ. ದೋಣಿ ಹತ್ತಿಸಿದರೆ ಅಂಬಿಗನ ಕಾಲು ಹಿಡಿದು ದಡ ಸೇರುವವರೆಗೆ ಬಿಡುವುದಿಲ್ಲ. ಟಿಕೆಟ್ಟು ಕಳೆಯುತ್ತಾಳೆ, ದಾರಿ ತಪ್ಪುತ್ತಾಳೆ, ನಾಲ್ಕು ಜನರ ಊಟವನ್ನು ಒಬ್ಬಳೇ ಉಂಡು “ಹಸಿವೇ ಇಲ್ಲ” ಎನ್ನುತ್ತಾಳೆ. ಓದುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇದರಲ್ಲಿ ಯಾವುದೂ ಕಟ್ಟುಕಥೆಯಲ್ಲ. ಎಲ್ಲವೂ ನಡೆದದ್ದೇ. ನಡೆದದ್ದು ಮಾತ್ರ ಸಂಚಾರಿಗಳಿಗೆ! ಗೊರಕೆಯೂ ಅವರದೇ, ಭಯವೂ ಅವರದೇ, ಹೊಟ್ಟೆಯೂ ಅವರದೇ. ಬರೆಯುವಾಗ ಪೆನ್ನು ಸ್ವಲ್ಪ ಪಕ್ಕಕ್ಕೆ ಸರಿದು ಹೆಂಡತಿಯ ಮೇಲೆ ಬಿದ್ದಿತ್ತು, ಅಷ್ಟೆ.

ಹೆಂಡತಿ ಅಂಕಣ ಓದುತ್ತಿರಲಿಲ್ಲ. “ಮನೇಲಿ ದಿನಾ ಕೇಳೋದನ್ನೇ ಮತ್ತೆ ದುಡ್ಡು ಕೊಟ್ಟು ಓದಬೇಕಾ?” ಎನ್ನುತ್ತಿದ್ದಳು. ಕುರ್ಚಿಯಲ್ಲಿ ಒರಗಿದ ರೋಗಿಗಳು ತನ್ನನ್ನು ನೋಡಿ ಯಾಕೆ ಹಲ್ಲು ಕಿರಿಯುತ್ತಾರೆಂದು ಆಕೆ ಯೋಚಿಸಿದವಳೂ ಅಲ್ಲ. ಹಲ್ಲು ತೋರಿಸಲೆಂದೇ ಬಂದವರಲ್ಲವೇ!

ಹೊರಟದ್ದಾಯಿತು. ಬಸ್ಸಿನಲ್ಲಿ ಕಂಡಕ್ಟರು ಬಂದಾಗ ಸಂಚಾರಿಗಳು ಅಂಗಿ ಜೇಬು, ಪ್ಯಾಂಟು ಜೇಬು, ಕೈಚೀಲ, ಸೀಟಿನ ಸಂದಿ ಎಲ್ಲವನ್ನೂ ಜಾಲಾಡಿದರು. ಹೆಂಡತಿ ಕಿಟಕಿಯಿಂದ ಮುಖ ತಿರುಗಿಸದೆ, “ಕನ್ನಡಕದ ಡಬ್ಬಿಯೊಳಗೆ ನೋಡಿ” ಎಂದಳು. ಟಿಕೆಟ್ಟು ಅಲ್ಲೇ ಇತ್ತು.

ಲಾಡ್ಜಿನ ಮಾಲೀಕರು ಗೇಟಿನವರೆಗೂ ಓಡಿ ಬಂದರು. ಸಂಚಾರಿಗಳ ಕೈಕುಲುಕಿದರೂ ಅವರ ಕಣ್ಣೆಲ್ಲ ಹೆಂಡತಿಯ ಮೇಲೆ.

“ಅಮ್ಮಾ, ನೀವು ಬಂದಿದ್ದು ನಮ್ಮ ಪುಣ್ಯ! ನಿಮಗೆ ಅಂತಾನೇ ಮೂಲೆ ರೂಮು ಕೊಟ್ಟಿದ್ದೀವಿ. ಎಡಕ್ಕೂ ಬಲಕ್ಕೂ ಖಾಲಿ ಇಟ್ಟಿದ್ದೀವಿ. ಯಾವ ಸಂಕೋಚಾನೂ ಬೇಡ, ಧಾರಾಳವಾಗಿ ನಿದ್ದೆ ಮಾಡಿ!”

ರೂಮಿಗೆ ಬಂದ ಮೇಲೆ ಹೆಂಡತಿ, “ಎಂಥ ಒಳ್ಳೆ ಜನ ರೀ! ನಮಗೆ ಗಲಾಟೆ ಆಗಬಾರದು ಅಂತ ಅಕ್ಕಪಕ್ಕ ಖಾಲಿ ಬಿಟ್ಟಿದ್ದಾರೆ” ಎಂದಳು.

“ಹೌದು ಹೌದು, ಬಹಳ ಸೂಕ್ಷ್ಮ ಮನುಷ್ಯ” ಎಂದು ಸಂಚಾರಿಗಳು ಬಚ್ಚಲಿಗೆ ನುಗ್ಗಿ ಬಾಗಿಲು ಹಾಕಿಕೊಂಡರು.

ಮರುದಿನ ತಿಂಡಿಯ ಹೊತ್ತಿಗೆ ಅಡುಗೆಯವನು ಸಂಚಾರಿಗಳ ಮುಂದೆ ಒಂದು ಆಮ್ಲೆಟ್ಟು, ಎರಡು ತುಂಡು ಬ್ರೆಡ್ಡು ಇಟ್ಟ. ಹೆಂಡತಿಯ ಮುಂದೆ ಒಂದು ಬುಟ್ಟಿ ಬ್ರೆಡ್ಡನ್ನೂ ತಾಂಬಾಳದಷ್ಟು ಅಗಲದ ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದ ಆಮ್ಲೆಟ್ಟುಗಳನ್ನೂ ತಂದಿಟ್ಟು, ಕೈಕಟ್ಟಿ ನಿಂತುಬಿಟ್ಟ.

“ಇದೇನಪ್ಪ ಇಷ್ಟೊಂದು?”

“ಸುರು ಮಾಡಿ ಅಮ್ಮಾ, ಇನ್ನೂ ಒಲೆ ಮೇಲಿದೆ” ಎಂದ ಆತ, ಅಪರೂಪದ ದೃಶ್ಯವೊಂದನ್ನು ಕಣ್ತುಂಬಿಕೊಳ್ಳುವವನ ಹಾಗೆ. ಬಾಗಿಲ ಸಂದಿಯಿಂದ ಪಾತ್ರೆ ತೊಳೆಯುವ ಹೆಂಗಸೂ ಇಣುಕುತ್ತಿದ್ದಳು.

ಹೆಂಡತಿ ಒಂದು ಆಮ್ಲೆಟ್ಟು ತಿಂದು ಎದ್ದಳು. ಅಡುಗೆಯವನ ಮುಖ ಬಾಡಿಹೋಯಿತು. ಉಳಿದದ್ದನ್ನು ಸಂಚಾರಿಗಳು, ಅನ್ನ ಹಾಳಾಗಬಾರದೆಂಬ ಒಂದೇ ಸದುದ್ದೇಶದಿಂದ, ಒಂದು ಚೂರೂ ಬಿಡದೆ ಮುಗಿಸಿದರು.

“ಇಲ್ಲಿ ಏನೋ ಸರಿ ಇಲ್ಲ ರೀ” ಎಂದಳು ಹೆಂಡತಿ. “ಎಲ್ಲರೂ ನನ್ನನ್ನೇ ನೋಡ್ತಾರೆ. ನನ್ನ ಮುಖದ ಮೇಲೇನಾದ್ರೂ ಅಂಟಿದೆಯಾ?”

“ಡಾಕ್ಟರು ಅಂತ ಗೌರವ ಕಣೇ. ನಡಿ, ದೋಣಿ ಹತ್ತೋಣ” ಎಂದರು ಸಂಚಾರಿಗಳು. ದೋಣಿ ಅವರಿಗೆ ಇಷ್ಟವಿತ್ತೆಂದಲ್ಲ. ಲಾಡ್ಜಿನಿಂದ ದೂರ ಹೋದರೆ ಸಾಕಿತ್ತು.

ಬಾಣಲೆಯಿಂದ ಬೆಂಕಿಗೆ ಬಿದ್ದದ್ದು ಅಲ್ಲೇ. ದಡದಲ್ಲಿ ಕಾದಿದ್ದ ಅಂಬಿಗ ಲಾಡ್ಜಿನ ಮಾಲೀಕರ ಭಾವಮೈದುನನಂತೆ. ವಾರಪತ್ರಿಕೆ ಮನೆಗೆ ಬಂದೊಡನೆ ಸಂಸಾರವೆಲ್ಲ ಕೂತು ಓದುವವರಂತೆ! ಆತ ಸಂಚಾರಿಗಳಿಗೆ ಏನೂ ಕೊಡದೆ, ಹೆಂಡತಿಗೆ ಮಾತ್ರ ತೇಲುವ ಜಾಕೆಟ್ಟು ತೊಡಿಸಿ, ಅದರ ಮೇಲೆ ಇನ್ನೊಂದು ತೊಡಿಸಿ, ಮೃದುವಾಗಿ ಹೇಳಿದ:

“ಹೆದರ್ಕೋಬೇಡಿ ಅಮ್ಮಾ. ನೀರು ಇಲ್ಲಿ ಸೊಂಟದ ಮಟ್ಟ ಅಷ್ಟೆ. ತೀರಾ ಭಯ ಆದ್ರೆ ಈ ಹಲಗೆ ಹಿಡ್ಕೊಳ್ಳಿ. ನನ್ನ ಕಾಲು ಮಾತ್ರ ಬೇಡ, ಮಂಡಿ ನೋವಿದೆ.”

ಕಾಲೇಜಿನಲ್ಲಿ ಈಜಿನಲ್ಲಿ ಕಪ್ ಗೆದ್ದವಳು ಆಕೆ! “ನಿಮ್ಮ ಕಾಲು ನಾನ್ಯಾಕಪ್ಪ ಹಿಡಿಲಿ?” ಎನ್ನುವಷ್ಟರಲ್ಲಿ ದೋಣಿ ದಡ ಬಿಟ್ಟಿತ್ತು. ಸ್ವಲ್ಪ ದೂರ ಹೋದ ಮೇಲೆ ಬೇರೆ ಯಾವುದೋ ಮೋಟಾರು ದೋಣಿ ಪಕ್ಕದಲ್ಲೇ ಹಾದು, ಅದರ ಅಲೆ ಬಂದು ಇವರ ದೋಣಿಗೆ ಹೊಡೆಯಿತು. ದೋಣಿ ಒಂದು ಬಾರಿ ವಾಲಿತು. “ಅಯ್ಯಯ್ಯೋ! ಸತ್ತೆ!” ಎಂಬ ಆರ್ತನಾದ ಸರೋವರದ ಆಚೆ ದಡಕ್ಕೂ ಕೇಳಿಸಿತು. ಅಂಬಿಗ ಕೆಳಗೆ ನೋಡಿದ. ಅವನ ಮಂಡಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡು, ಕಣ್ಣು ಮುಚ್ಚಿ, ಸಂಚಾರಿಗಳು ಕೂತಿದ್ದರು.

“ಸಾರ್,” ಎಂದ ಅಂಬಿಗ ನೋವು ನುಂಗಿಕೊಂಡು, “ಇದು ಅಮ್ಮಾವ್ರು ಮಾಡಬೇಕಾಗಿದ್ದಲ್ವಾ?”

“ಅಮ್ಮಾವ್ರು ಯಾಕೆ ಮಾಡಬೇಕು?” ಎಂದಳು ಹೆಂಡತಿ.

ಸಂಚಾರಿಗಳು ಕಣ್ಣು ತೆರೆಯಲಿಲ್ಲ. ಕಣ್ಣು ತೆರೆದರೆ ನೀರು ಕಾಣಿಸುತ್ತಿತ್ತು, ನೀರಿಗಿಂತ ಆಳವಾದ ಹೆಂಡತಿಯ ನೋಟವೂ ಕಾಣಿಸುತ್ತಿತ್ತು.

ಬಣ್ಣ ಪೂರ್ತಿ ಬಯಲಾದದ್ದು ಅದೇ ಸಂಜೆ. ಮಾಲೀಕರು ಲಾಡ್ಜಿನ ಹಾಲ್‌ನಲ್ಲಿ ಓದುಗರನ್ನೆಲ್ಲ ಸೇರಿಸಿಬಿಟ್ಟಿದ್ದರು. ಕುರ್ಚಿ ಸಾಲದೆ ಜನ ಕಿಟಕಿಯ ಮೇಲೆ ಕೂತಿದ್ದರು. ಸಂಚಾರಿಗಳು “ನನ್ನ ಹೆಂಡತಿಗೆ ತಲೆನೋವು” ಎಂದರು. “ನನಗಿಲ್ಲ” ಎಂದು ಹೆಂಡತಿ ಹೋಗಿ ವೇದಿಕೆಯ ಮೇಲೆ ಕೂತಳು. ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ಸು ಕನ್ನಡಕ ಏರಿಸಿ, “ಭಾಷಣ ಯಾಕೆ, ಇವರ ಬರಹಾನೇ ಓದ್ತೀನಿ” ಎಂದು ಪತ್ರಿಕೆ ಬಿಡಿಸಿದರು.

ಓದಿದರು. ಗೊರಕೆ ಬಂತು, ಸಭೆ ನಕ್ಕಿತು. ದೋಣಿ ಬಂತು, ಸಭೆ ಉರುಳಾಡಿತು. ಊಟ ಬಂತು, ಕಿಟಕಿಯ ಮೇಲೆ ಕೂತಿದ್ದವನೊಬ್ಬ ಹೊರಗೆ ಬಿದ್ದ. ಸಂಚಾರಿಗಳು ಮಾತ್ರ ಹೆಂಡತಿಯ ದವಡೆಯನ್ನೇ ನೋಡುತ್ತಿದ್ದರು. ಹಲ್ಲು ಕಡಿಯಬಾರದು, ಸವೆಯುತ್ತೆ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು, ಈಗ ಕಟಕಟನೆ ಕಡಿಯುತ್ತಿದ್ದಳು.

“ಶ್ರೀಮತಿಯವರು ಎರಡು ಮಾತಾಡಬೇಕು!” ಎಂದು ಸಭೆ ಕೂಗಿತು. ಆಕೆ ಎದ್ದಳು. ಸಂಚಾರಿಗಳು ಮೇಜಿನ ಮೇಲಿದ್ದ ನೀರನ್ನೆಲ್ಲ ಕುಡಿದರು.

“ಇವರು ಬರೆದಿರೋದ್ರಲ್ಲಿ ಒಂದಕ್ಷರಾನೂ ಸುಳ್ಳಿಲ್ಲ” ಎಂದಳು ಹೆಂಡತಿ. “ಗೊರಕೆ ನಿಜ. ಭಯ ನಿಜ. ಟಿಕೆಟ್ಟು ಕಳೆದಿದ್ದು ನಿಜ. ಆದ್ರೆ ಅದೆಲ್ಲ ಮಾಡಿದ್ದು ನಾನಲ್ಲ. ಇವರು!”

ಚಾವಣಿ ಹಾರಿಹೋಗುವಂಥ ನಗು! ಚಪ್ಪಾಳೆ! ಶಿಳ್ಳೆ!

“ಅಬ್ಬಬ್ಬಾ, ಅಮ್ಮಾವ್ರು ಸಾರ್‌ಗಿಂತ ಹಾಸ್ಯಗಾರರು!” ಎಂದರು ಮಾಲೀಕರು ಕಣ್ಣೊರೆಸಿಕೊಳ್ಳುತ್ತ. ಹೆಡ್‌ಮಿಸ್ಟ್ರೆಸ್ಸು ಬೆನ್ನು ತಟ್ಟಿ, “ಎಷ್ಟು ಚೆನ್ನಾಗಿ ತಿರುಗಿಸಿದೆಯಮ್ಮ!” ಎಂದರು. ಅಂಬಿಗ ಒಬ್ಬನೇ ಮಂಡಿ ಸವರಿಕೊಳ್ಳುತ್ತ ಏನೋ ಹೇಳಲು ಎದ್ದ. ಅಕ್ಕಪಕ್ಕದವರು ಎಳೆದು ಕೂರಿಸಿದರು.

ರೂಮಿಗೆ ಬಂದ ಮೇಲೆ ಹೆಂಡತಿ ಕೂಗಾಡಲಿಲ್ಲ. ಕೂಗಾಡಿದ್ದರೆ ಸಂಚಾರಿಗಳು ಬದುಕಿಕೊಳ್ಳುತ್ತಿದ್ದರು. ಆಕೆ ಮಂಚದ ಅಂಚಿನಲ್ಲಿ ಕೂತು, “ನನ್ನ ರೋಗಿಗಳೂ ಇದನ್ನ ಓದ್ತಾರೆ ಅಲ್ವಾ?” ಎಂದಳು.

“ಕೆಲವರು ಮಾತ್ರ…”

“ನಾನು ಏನೋ ನನ್ನ ಕೈಗುಣ ಮೆಚ್ಚಿ ನಗ್ತಾರೆ ಅಂದ್ಕೊಂಡಿದ್ದೆ ರೀ.”

ಆ ಮಾತು ಸಂಚಾರಿಗಳಿಗೆ ನಿಜವಾಗಿ ನಾಟಿತು. “ನಾನು ಹಾಗೆ ಅಂತ ಬರೆದ್ರೆ ಜನ ನನ್ನನ್ನ ನೋಡಿ ನಗ್ತಾರಲ್ಲ ಅಂತ…” ಎಂದರು.

“ಅದಕ್ಕೆ ನನ್ನನ್ನ ನೋಡಿ ನಗಲಿ ಅಂತ ಬಿಟ್ರಿ.”

“ತಪ್ಪಾಯ್ತು ಕಣೇ.”

“ನನ್ನ ಹತ್ರ ಹೇಳಿ ಏನು ಪ್ರಯೋಜನ? ಅವರಿಗೆ ಹೇಳಿ” ಎಂದು ಆಕೆ ಪೆನ್ನು ತಂದು ಕೈಗಿತ್ತಳು.

ಮುಂದಿನ ವಾರದ ಅಂಕಣವನ್ನು ಸಂಚಾರಿಗಳು ಅಕ್ಷರಶಃ ಬೆವರು ಸುರಿಸಿ ಬರೆದರು. ಗೊರಕೆ ನನ್ನದು, ಅಂಬಿಗನ ಮಂಡಿಗೆ ಜೋತುಬಿದ್ದವನು ನಾನು, ಆಮ್ಲೆಟ್ಟುಗಳ ರಾಶಿ ಹೋದದ್ದು ನನ್ನ ಹೊಟ್ಟೆಗೆ, ನನ್ನ ಹೆಂಡತಿ ನೀರಲ್ಲಿ ಮೀನು, ದಾರಿ ಕಂಡುಹಿಡಿಯುವುದರಲ್ಲಿ ಹಕ್ಕಿ ಎಂದೆಲ್ಲ ಬರೆದು, ಕೊನೆಗೆ ಕ್ಷಮೆಯನ್ನೂ ಕೇಳಿದರು. ಹೆಂಡತಿ ಮೊಟ್ಟಮೊದಲ ಬಾರಿಗೆ ಅಂಕಣ ಓದಿ, “ಹೂಂ” ಎಂದಳು.

ಪತ್ರಿಕೆ ಹೊರಬಿದ್ದ ದಿನ ಸಂಪಾದಕರ ಫೋನು ಬಂತು. “ಏನ್ರೀ ಸಂಚಾರಿಗಳೇ, ಓದುಗರು ಅತ್ತುಬಿಟ್ಟಿದ್ದಾರೆ! ಹೆಂಡತಿಯ ಮಾನ ಕಾಪಾಡೋಕೆ ತಪ್ಪೆಲ್ಲ ತನ್ನ ಮೈಮೇಲೆ ಎಳೆದುಕೊಂಡ ಇಂಥ ಗಂಡ ಎಲ್ಲಿ ಸಿಗ್ತಾನೆ ಅಂತಾರೆ!”

ಅದೇ ಸಂಜೆ ಹೆಂಡತಿ ಕ್ಲಿನಿಕ್ಕಿನಿಂದ ಬಂದು ಚೀಲವನ್ನು ಕುರ್ಚಿಗೆ ಎಸೆದಳು. “ಬೆಳಗ್ಗೆಯಿಂದ ಬಂದವರೆಲ್ಲ ‘ನಿಮ್ಮ ಯಜಮಾನರು ದೇವರಂಥವರು ಡಾಕ್ಟ್ರೇ’ ಅಂತಿದ್ದಾರೆ! ಒಬ್ಬರೂ ನಂಬಿಲ್ಲ. ಮತ್ತೆ ಬರೀರಿ.”

“ಎಲ್ಲಿವರೆಗೆ?”

“ಅವರು ನಂಬೋವರೆಗೆ!”

ಸಂಚಾರಿಗಳು ಬರೆಯುತ್ತ ಹೋದರು. ವಾರವಾರವೂ ತಮ್ಮ ಹೊಸ ಹೊಸ ಪೆದ್ದುತನವನ್ನು ಹುಡುಕಿ ತೆಗೆದರು. ಅದಕ್ಕೇನೂ ಬರವಿರಲಿಲ್ಲ. ಅವರು ತಮ್ಮನ್ನು ಕೆಳಗಿಳಿಸಿದಷ್ಟೂ ಓದುಗರು ಮೇಲಕ್ಕೇರಿಸಿದರು. ಆದರ್ಶ ಪತಿ ಎಂದು ಯಾವುದೋ ಸಂಘದವರು ಶಾಲು ಹೊದಿಸಲೂ ತಯಾರಾದರು. ಇಡೀ ಲೋಕದಲ್ಲಿ ತಮ್ಮ ಮಾತು ನಂಬುವವರು ಒಬ್ಬರೂ ಇಲ್ಲವಲ್ಲ ಎಂದು ಸಂಚಾರಿಗಳು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಅಕ್ಕನ ಮನೆಯಲ್ಲಿದ್ದ ತಾಯಿಯ ಫೋನು ಬಂತು.

“ಏನೋ ಮಗನೇ, ನಿನ್ನ ಅಂಕಣ ಎಲ್ಲಾ ಓದಿಸ್ಕೊಂಡು ಕೇಳಿದೆ. ಗೊರಕೆ ನಿಂದೇ, ಪುಕ್ಕಲ ನೀನೇ, ದಾರಿ ತಪ್ಪೋನು ನೀನೇ ಅಂತ ಬರೆದಿದ್ದೀಯ.”

“ಹೌದಮ್ಮಾ!” ಸಂಚಾರಿಗಳಿಗೆ ಹೋದ ಜೀವ ಬಂದಂತಾಯಿತು. “ನೀನಾದ್ರೂ ನಂಬ್ತೀಯಾ?”

“ನಂಬೋದೇನು ಬಂತು ಅದ್ರಲ್ಲಿ?” ಎಂದರು ತಾಯಿ. “ಇದ್ದದ್ದು ಇದ್ದ ಹಾಗೇ ಬರೆದಿದ್ದೀಯ. ನಗೆ ಬರಹ ಅಂತ ಮೇಲೆ ಹಾಕಿದ್ದಾರಲ್ಲ, ಆ ನಗೆ ಎಲ್ಲಿ ಬರುತ್ತೆ ಅಂತ ಕೇಳೋಣ ಅಂತ ಫೋನ್ ಮಾಡ್ದೆ.”