ಒದೆಗಾರನನ್ನು ಒದ್ದು ಹೊರಹಾಕಿದ ಅಧ್ಯಕ್ಷರಿಗೆ

ಡುಲೂತ್, ಜನವರಿ ಇಪ್ಪತ್ತೆರಡು

ಮಾನ್ಯ ಡ್ವೈಟ್ ಹಾಲ್ವರ್ಸನ್ ಅವರೇ, ನಮ್ಮ ವ್ಯಾನ್ ಡಿಪೋದ ಮೇಲ್ವಿಚಾರಕರೇ, ಮೂರನೇ ನಂಬರಿನ ವ್ಯಾನಿನ ಸಾರಥಿಗಳೇ, ಹತ್ತು ಚಾಲಕರ ಫ್ಯಾಂಟಸಿ ಫುಟ್‌ಬಾಲ್ ಕೂಟದ ಅಧ್ಯಕ್ಷರೇ,

ತಾವು ಕ್ಷೇಮವಾಗಿದ್ದೀರೆಂದೂ, ಸರೋವರದ ಕಡೆಯಿಂದ ಬೀಸುವ ಗಾಳಿ ತಮ್ಮ ಮೀಸೆಗೆ ಯಾವ ಧಕ್ಕೆಯನ್ನೂ ತಂದಿಲ್ಲವೆಂದೂ ನಂಬಿ, ಏಳನೇ ನಂಬರಿನ ವ್ಯಾನ್ ಓಡಿಸುವ ವರ್ನಾ ಲಿಂಡ್‌ಕ್ವಿಸ್ಟ್ ಎಂಬ ನಾನು ಈ ಪತ್ರವನ್ನು ಕಾಫಿ ಯಂತ್ರದ ಮೇಲಿನ ಸೂಚನಾ ಫಲಕಕ್ಕೆ ಚುಚ್ಚಿ ಸವಿನಯವಾಗಿ ಸಲ್ಲಿಸುತ್ತಿದ್ದೇನೆ. ತಮ್ಮ ಮೇಜಿನ ಮೇಲೆಯೇ ಇಡಬಹುದಿತ್ತು. ಆದರೆ ಅಲ್ಲಿಟ್ಟ ದೂರುಗಳ ಮೇಲೆ ತಾವು ಕಾಫಿ ಲೋಟ ಇಡುವ ಪದ್ಧತಿ ಇರುವುದರಿಂದ ಧೈರ್ಯವಾಗಲಿಲ್ಲ.

ನಮ್ಮ ಡಿಪೋದಲ್ಲಿ ವ್ಯಾನುಗಳು ಹತ್ತು, ಬಿಸಿಗಾಳಿಯ ಶೆಡ್ಡು ಒಂದೇ. ವೃದ್ಧರನ್ನೂ ನಡೆಯಲಾರದವರನ್ನೂ ಆಸ್ಪತ್ರೆಗೆ ಕರೆದೊಯ್ಯುವ ಈ ಹತ್ತರಲ್ಲಿ ಜನವರಿಯಿಂದ ಮಾರ್ಚಿನವರೆಗೆ ಯಾವುದು ಬೆಚ್ಚಗೆ ನಿಲ್ಲಬೇಕು, ಯಾವ ಒಂಬತ್ತು ಹಿಮದಲ್ಲಿ ನಿಲ್ಲಬೇಕು ಎಂಬ ಗಹನವಾದ ಪ್ರಶ್ನೆಯನ್ನು ಚೆಂಡನ್ನು ಕೈಯಲ್ಲೇ ಹಿಡಿದು ಓಡುವ ನಮ್ಮ ಅಮೆರಿಕನ್ ಫುಟ್‌ಬಾಲಿನಿಂದ ಬಗೆಹರಿಸಬಹುದು ಎಂದು ಆರು ವರ್ಷದ ಹಿಂದೆ ಹೊಳೆದದ್ದು ತಮಗೇ. ಆಗಸ್ಟಿನಲ್ಲಿ ಪ್ರತಿಯೊಬ್ಬರೂ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟುವುದು, ಭಾನುವಾರ ಅವರು ಮೈದಾನದಲ್ಲಿ ಆಡಿದಷ್ಟು ಅಂಕ ನಮಗೆ ಬರುವುದು, ಡಿಸೆಂಬರಿನಲ್ಲಿ ಗೆದ್ದವರ ವ್ಯಾನು ಶೆಡ್ಡಿಗೆ ಹೋಗುವುದು. ಗಾಲಿಕುರ್ಚಿ ಎತ್ತುವ ಯಂತ್ರವಿರುವ ಏಕೈಕ ವ್ಯಾನು ನನ್ನದು, ಆ ಯಂತ್ರಕ್ಕೆ ಚಳಿ ಕಂಡರಾಗದು ಎಂಬ ಕ್ಷುಲ್ಲಕ ವಿಷಯವನ್ನು ಆಗಲೇ ಎತ್ತದೆ, ಎಲ್ಲರಂತೆ ನಾನೂ ಕೈ ಎತ್ತಿದೆ. ಆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಈ ಸಲ ನಾನು ಆರಿಸಿದ ಒದೆಗಾರ ಪೆಟ್ರಿಚ್ ಎಂಬ ಸಣಕಲು ಮನುಷ್ಯ ಐವತ್ತು ಗಜ ದೂರದಿಂದ ಚೆಂಡನ್ನು ಕಂಬಗಳ ನಡುವೆ ಕಳಿಸುತ್ತ ನಾಲ್ಕು ವಾರ ನನ್ನನ್ನು ಗೆಲ್ಲಿಸಿದ್ದು ತಮ್ಮ ಸೂಕ್ಷ್ಮ ಮನಸ್ಸಿಗೆ ನೋವುಂಟುಮಾಡಿತು. ಐದನೇ ವಾರದ ಸೋಮವಾರ ತಾವು ಊಟದ ಕೋಣೆಯಲ್ಲಿ ನನ್ನ ಹಾಟ್‌ಡಿಶ್ ತಟ್ಟೆಯ ಪಕ್ಕದಲ್ಲೇ ನಿಂತು, "ಒದೆಯೋನು ಆಟಗಾರನೇ ಅಲ್ಲ ಕಣ್ರೋ, ಬಂದು ಒಂದ್ಸಲ ಕಾಲೆತ್ತಿ ಹೋಗ್ತಾನೆ, ನಾಯಿನೂ ಅಷ್ಟೇ ಮಾಡತ್ತೆ" ಎಂದು ಘೋಷಿಸಿ, ಇನ್ನು ಮುಂದೆ ಕಣಕ್ಕಿಳಿಸುವ ತಂಡದಲ್ಲಿ ಒದೆಗಾರನ ಸ್ಥಾನ ಇರುವುದಿಲ್ಲವೆಂದೂ, ಅದರ ಬದಲು ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್ ಒಬ್ಬನಲ್ಲ, ಇಬ್ಬರು ಕಡ್ಡಾಯವೆಂದೂ ಕ್ರೀಡೆಯ ಒಳಿತಿಗಾಗಿ ಸೂಚಿಸಿದಿರಿ. ತಮ್ಮ ಬಳಿ ಆ ಹೊತ್ತಿಗೆ ಮೂವರು ಕ್ವಾರ್ಟರ್‌ಬ್ಯಾಕ್‌ಗಳಿದ್ದದ್ದು, ನನ್ನ ಬಳಿ ಒಬ್ಬನೇ ಇದ್ದದ್ದು ಬರೀ ಕಾಕತಾಳೀಯ ಎಂದು ನಾನು ಇಂದಿಗೂ ಎಲ್ಲರಿಗೂ ಹೇಳುತ್ತಿದ್ದೇನೆ.

ಮತದಾನದ ನಿಷ್ಪಕ್ಷಪಾತತೆಯನ್ನಂತೂ ಹೊಗಳಲು ಮಾತು ಸಾಲದು. ಭಾನುವಾರದ ರಜೆ ಯಾರಿಗೆಂದು ಬರೆಯುವ ಪೆನ್ನನ್ನು ತಾವು ಕಿವಿಯ ಮೇಲಿಟ್ಟುಕೊಂಡೇ ಮತ ಕೇಳಿದ್ದರಿಂದ ನಾಲ್ವರು ಚಾಲಕರಿಗೆ ತಕ್ಷಣ ಜ್ಞಾನೋದಯವಾಯಿತು. ಐದಕ್ಕೆ ಐದು ಸಮನಾದಾಗ, ಅಧ್ಯಕ್ಷರಿಗೆ ಇನ್ನೊಂದು ಮತವಿದೆ ಎಂಬ, ಅದುವರೆಗೆ ಯಾರೂ ಕೇಳಿರದ ನಿಯಮವನ್ನು ತಾವು ಸ್ಥಳದಲ್ಲೇ ಹೆತ್ತು ಹೆಸರಿಟ್ಟಿರಿ. ಇಪ್ಪತ್ತೆಂಟು ವರ್ಷದಿಂದ ನಮ್ಮ ವ್ಯಾನುಗಳ ಹೊಟ್ಟೆಯೊಳಗೆ ಕೈ ಹಾಕುತ್ತಿರುವ, ಬಿಡುವಿದ್ದಾಗ ನಾಲ್ಕನೇ ನಂಬರಿನದನ್ನು ಓಡಿಸುವ ಮೆಕ್ಯಾನಿಕ್ ತೊಯ್ವೊ ಮಾಕೆಲಾ, ವರ್ಷಕ್ಕೆ ನಾಲ್ಕು ವಾಕ್ಯ ಆಡುವವರು, ಅಂದು ಒಂದನ್ನು ಖರ್ಚು ಮಾಡಿ, "ಡ್ವೈಟ್, ನಾಚಿಕೆ ಅನ್ನೋದನ್ನ ಎಲ್ಲಾದ್ರೂ ಬಿಟ್ಟು ಬಂದಿದ್ರೆ ಹೇಳು, ಹುಡುಕಿ ಕೊಡ್ತೀನಿ" ಎಂದದ್ದನ್ನು ತಾವು ನಡಾವಳಿಯಲ್ಲಿ ದಾಖಲಿಸಲಿಲ್ಲ; ಮರೆತಿರಬೇಕು.

ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಎಲ್ಲಿಂದ ತರಲಿ? ಎಸೆಯಬಲ್ಲವರನ್ನೆಲ್ಲ ಉಳಿದವರು ಬಾಚಿಕೊಂಡಾಗಿತ್ತು. ಇದನ್ನು ನಾನು ವ್ಯಾನಿನಲ್ಲಿ ಗೊಣಗುತ್ತಿದ್ದಾಗ ಹಿಂದಿನಿಂದ ಸಲಹೆ ಕೊಟ್ಟವರು ಅಗ್ನೆಸ್ ಟ್ವೇಟ್. ಎಪ್ಪತ್ತೊಂಬತ್ತು ವಯಸ್ಸಿನ, ವಾರಕ್ಕೆ ಮೂರು ಸಲ ಗಾಲಿಕುರ್ಚಿಯಲ್ಲಿ ಡಯಾಲಿಸಿಸ್‌ಗೆ ನನ್ನ ಜೊತೆ ಬರುವ, ಯಂತ್ರಕ್ಕೆ ಅಂಟಿಕೊಂಡು ಕೂರುವ ನಾಲ್ಕು ಗಂಟೆಯೂ ಆಟದ ಸುದ್ದಿ ಓದುವ ಮಹಾತಾಯಿ. "ಹಾರ್ಲನ್ ಟಿಬ್ಸ್‌ನ ತಗೊಳ್ಳೇ ವರ್ನಾ. ನಲವತ್ತೊಂದು ವರ್ಷ, ಬೆಂಚ್ ಸವೆಸ್ತಾ ಕೂತಿದಾನೆ, ನಿಜ. ಆದ್ರೆ ಅವನ ಮುಂದಿರೋ ಆ ರೀಡ್‌ನ ಡಿಸೆಂಬರಲ್ಲಿ ಹತ್ತಿಯೊಳಗೆ ಸುತ್ತಿಡ್ತಾರೆ, ನೋಡ್ತಿರು." ಆ ರೀಡ್ ತಮ್ಮ ಕಣ್ಮಣಿಯಾದ ಮೊದಲನೇ ಕ್ವಾರ್ಟರ್‌ಬ್ಯಾಕ್. ನಾನು ಟಿಬ್ಸ್‌ನ ಹೆಸರು ಬರೆದು ಕೊಟ್ಟಾಗ ತಾವು ಕಣ್ಣಲ್ಲಿ ನೀರು ಬರುವಷ್ಟು ನಕ್ಕದ್ದು ಇಡೀ ಡಿಪೋಗೆ ಕೇಳಿಸಿತು.

ಹನ್ನೊಂದು ವಾರ ಟಿಬ್ಸ್ ನನಗೆ ಸೊನ್ನೆಯನ್ನೇ ತಂದುಕೊಟ್ಟ. ಆದರೂ ಉಳಿದವರ ಬೆವರಿನಿಂದ ನಾನು ಕುಂಟುತ್ತಾ ಫೈನಲ್ ತಲುಪಿದೆ, ಎದುರಿಗೆ ತಾವು. ಆ ಭಾನುವಾರ ಮೈದಾನದಲ್ಲಿ, ರೀಡ್‌ನ ನಿಜವಾದ ತಂಡಕ್ಕೆ ತನ್ನ ಪಂದ್ಯ ಗೆದ್ದು ಆಗಬೇಕಾದದ್ದು ಏನೂ ಇಲ್ಲದ್ದರಿಂದ, ಅವನನ್ನು ಹತ್ತು ನಿಮಿಷ ಆಡಿಸಿ, ಹೆಗಲಿಗೆ ಕಂಬಳಿ ಹೊದಿಸಿ ಕೂರಿಸಿದರು. ನನ್ನ ಮುದುಕ ಟಿಬ್ಸ್ ಒಳಬಂದು ಚೆಂಡನ್ನು ಕೊನೆಯ ಗೆರೆ ದಾಟಿಸುವ ಮೂರು ಟಚ್‌ಡೌನ್ ಎಸೆದ. ಆರು ಅಂಕಗಳಿಂದ ನಾನು ಗೆದ್ದೆ.

ಗೆದ್ದೆ ಎಂದು ತಿಳಿದುಕೊಂಡೆ, ಎನ್ನಬೇಕು. ಮಾರನೆಯ ದಿನ ತಮ್ಮ ತೀರ್ಪು ಹೊರಬಿತ್ತು: ಪಂದ್ಯದ ಆರಂಭದಿಂದ ಆಡದವನನ್ನು ಆರಂಭಿಕ ಆಟಗಾರ ಎನ್ನಲಾಗದು, ಆದ್ದರಿಂದ ಟಿಬ್ಸ್‌ನ ಅಂಕಗಳು ಅಸಿಂಧು, ಶೆಡ್ಡು ಮೂರನೇ ನಂಬರಿನ ವ್ಯಾನಿಗೆ. ಮನೆಗೆ ಹೋಗಿ, ಕೋಟು ಕೂಡ ಬಿಚ್ಚದೆ, ಅಡುಗೆಮನೆಯ ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದೆ. ಕಾಗದದ ಆಟದಲ್ಲಿ ಸೋತದ್ದಕ್ಕಲ್ಲ, ಅಧ್ಯಕ್ಷರೇ. ಅಗ್ನೆಸ್ ಅವರಿಗೆ ಏನೆಂದು ಹೇಳುವುದು ಎಂದು.

ಕಳೆದ ಬುಧವಾರದ ಮುಂಜಾನೆ ತಾಪಮಾನ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿದ್ದದ್ದು ತಮಗೆ ನೆನಪಿರಬಹುದು. ಹೊರಗೆ ನಿಂತ ಒಂಬತ್ತೂ ವ್ಯಾನುಗಳು ಕೆಮ್ಮಿ, ನರಳಿ, ತೊಯ್ವೊ ಅವರ ಬೈಗುಳ ತಿಂದು ಎದ್ದವು. ಶೆಡ್ಡಿನ ಬಾಗಿಲ ಬುಡಕ್ಕೆ ಮಾತ್ರ ಒಳಗಿನ ಬಿಸಿಗೆ ಕರಗಿದ ಹಿಮದ ನೀರು ಹೊರಬಂದು ಕಲ್ಲಿನಂತೆ ಹೆಪ್ಪುಗಟ್ಟಿ, ಬಾಗಿಲು ಕದಲದೆ, ಇಡೀ ಡಿಪೋದಲ್ಲಿ ಬೆಚ್ಚಗಿದ್ದ ಒಂದೇ ಒಂದು ವ್ಯಾನು ಒಳಗೇ ಉಳಿಯಿತು. ತಮ್ಮ ಇಬ್ಬರು ರೋಗಿಗಳನ್ನು ನನ್ನ ವ್ಯಾನಿಗೆ ಹತ್ತಿಸಿ, ತಾವೂ ಅವರ ಕಾಗದಪತ್ರ ಹಿಡಿದು ಹತ್ತಿ ನಮ್ಮನ್ನು ಧನ್ಯರನ್ನಾಗಿಸಿದಿರಿ.

ಅಗ್ನೆಸ್ ಅವರ ಮನೆ ಮುಂದೆ ಎತ್ತುವ ಯಂತ್ರ, ನಾನು ಹೆದರಿದ್ದಂತೆಯೇ, ಕುರ್ಚಿಯನ್ನು ನೆಲದಿಂದ ಎರಡಡಿ ಎತ್ತಿ ನಿಂತುಬಿಟ್ಟಿತು. ನನ್ನ ಬೆರಳುಗಳ ಸಂಧಿವಾತ ತಿಳಿದಿದ್ದ ತಾವು ಇಳಿದು, ಯಂತ್ರವನ್ನು ಕೈಯಿಂದ ಎತ್ತುವ ಪಂಪಿನ ಹಿಡಿಕೆ ಹಿಡಿದಿರಿ. ಮೂರು ಕಂಬಳಿಗಳ ಒಳಗಿಂದ, ಗಾಳಿಯಲ್ಲಿ ತೂಗುತ್ತಾ, ಅಗ್ನೆಸ್ ತಮ್ಮನ್ನು ಕೇಳಿದರು: "ಒದೆಯೋನ್ನ ತೆಗೆದುಹಾಕಿದ ಮಹಾನುಭಾವ ನೀನೇನಪ್ಪಾ?"

"ಹೌದು, ಮೇಡಂ," ಎಂದಿರಿ.

"ಒತ್ತು, ಒತ್ತು. ಮಾತಾಡ್ತಾ ನಿಲ್ಲಿಸ್ಬೇಡ. ಈ ಮೂಗು ಹೆಪ್ಪುಗಟ್ಟಿ ಬಿದ್ರೆ ನಂಗೆ ಇನ್ನೊಂದು ಸಿಗಲ್ಲ."

ಹದಿನಾಲ್ಕು ನಿಮಿಷ ತಾವು ಒತ್ತಿದಿರಿ. ಕೊನೆಕೊನೆಗೆ ಅವರು ಮಾತು ನಿಲ್ಲಿಸಿದರು, ತುಟಿ ನೀಲಿಯಾಗಿತ್ತು. ಅದನ್ನು ತಾವು ನೋಡಿದ್ದನ್ನು ನಾನು ನೋಡಿದೆ. ಒಳಗೆ ಬಂದ ಮೇಲೆ ತಮ್ಮ ಕೈಗವಸು ಬಿಚ್ಚಿ ಅವರ ಕೈಗೆ ತೊಡಿಸಿ, ಆಸ್ಪತ್ರೆಯವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಿರಿ.

ಮರುದಿನ ತೊಯ್ವೊ ಬಾಗಿಲ ಮಂಜುಗಡ್ಡೆ ಒಡೆದದ್ದೇ ತಡ, ಮೂರನೇ ನಂಬರು ಹಿಮಕ್ಕೆ ಬಂತು, ಏಳನೇ ನಂಬರು ಒಳಗೆ ಹೋಯಿತು. ಶೆಡ್ಡಿಗೆ ತಮ್ಮ ಸಹಿಯ ಚೀಟಿಯೂ ಅಂಟಿತು: "ಎತ್ತುವ ಯಂತ್ರವಿರುವ ವಾಹನಕ್ಕೆ ಈ ಸ್ಥಳ ಕಾಯಂ. ಇದು ಅಧ್ಯಕ್ಷರ ದೀರ್ಘಕಾಲದ ಚಿಂತನೆಯ ಫಲ." ಒಂದು ರಾತ್ರಿಯನ್ನು ದೀರ್ಘಕಾಲ ಎನ್ನಬಲ್ಲ ಧಾರಾಳತನಕ್ಕೆ ಕೈಮುಗಿಯುತ್ತೇನೆ, ಚೀಟಿಗೂ ಕೈಮುಗಿಯುತ್ತೇನೆ, ಅದರಲ್ಲಿ ಅಣಕವಿಲ್ಲ.

ಆದರೂ ಕೆಲವು ಸಣ್ಣ ಬೇಡಿಕೆಗಳುಂಟು. ಡಿಸೆಂಬರಿನ ಆ ಆರು ಅಂಕಗಳ ಗೆಲುವನ್ನು ನನಗೆ ಹಿಂದಿರುಗಿಸಬೇಕು. ನಿಯಮಗಳನ್ನು ಆಟ ಶುರುವಾಗುವ ಮೊದಲೇ ಹುಟ್ಟಿಸಬೇಕು. ಇದಿಷ್ಟೂ ಅಸಾಧ್ಯವಾದಲ್ಲಿ, ಒದೆಗಾರನನ್ನು ತೆಗೆದುಹಾಕಿದ ಹಾಗೆಯೇ, ಜನವರಿಯೇ ಈ ಊರಿನ ಕಣಕ್ಕಿಳಿಯದಂತೆ ಒಂದು ಆಜ್ಞೆ ಹೊರಡಿಸಬೇಕು. ಮತ ಸಮನಾದರೆ ತಮ್ಮ ಇನ್ನೊಂದು ಮತ ಇದ್ದೇ ಇದೆ.

ಒಳಗೆ ನಿಲ್ಲಿಸಿದರೂ ಸುಮ್ಮನಾಗದ, ತಮ್ಮ ವಿಶ್ವಾಸಿ,
ವರ್ನಾ ಲಿಂಡ್‌ಕ್ವಿಸ್ಟ್

ಮರೆತಿದ್ದೆ: ನಮ್ಮ ಕೂಟಕ್ಕೆ ಹನ್ನೊಂದನೇ ಸದಸ್ಯರಾಗಿ ಸೇರಲು ಅಗ್ನೆಸ್ ಟ್ವೇಟ್ ಅರ್ಜಿ ಹಾಕಿದ್ದಾರೆ, ಜೊತೆಗೆ ಅಧ್ಯಕ್ಷ ಸ್ಥಾನಕ್ಕೂ ನಿಂತಿದ್ದಾರೆ. ಡಯಾಲಿಸಿಸ್ ಕೋಣೆಯ ಏಳು ಜನ ಪ್ರಚಾರ ಆರಂಭಿಸಿದ್ದಾರೆ. ಅವರಲ್ಲಿ ಯಾರಿಗೂ ಭಾನುವಾರದ ರಜೆ ಬೇಕಾಗಿಲ್ಲ.