ಅತ್ತೆ ಗೋಳಿಬಜೆಯಲ್ಲಿ ಸಾರಾಯಿ ಮಾಡಿದ್ದು

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನಮ್ಮ ಅತ್ತೆ ಅವರ ಕಣ್ಣೆದುರೇ ಸಾರಾಯಿ ಮಾಡಿದರು. ಅದೂ ಗೋಳಿಬಜೆಯಿಂದ! ನಂಬುವುದಿಲ್ಲವೇ? ನೋಡದಿದ್ದರೆ ನಾನೂ ನಂಬುತ್ತಿರಲಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ಮೂಡುಬಿದಿರೆಯಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಮದುವೆಯಾಗಲಿಲ್ಲ, ನಮ್ಮೊಟ್ಟಿಗೇ ಇರುವುದು. ಊಟಕ್ಕೆ ಕೂತ ನೆಂಟರು ಉಪ್ಪು ಕೇಳಿದರೆ "ಯಾವ ಉಪ್ಪು?" ಎನ್ನುವವರು! ಆ ದಿನ ಬಾಯಿ ತೆರೆಯುವುದಿಲ್ಲವೆಂದು ಅಮ್ಮ ಬೆಳಗ್ಗೆಯೇ ಅವರಿಂದ ಮಾತು ತೆಗೆದುಕೊಂಡಿದ್ದರು.

ನಾರಾವಿಯಿಂದ ಬಂದ ಗಂಡಿನ ಕಡೆಯವರು ತಿಂಡಿಗೆ ಕೂತರು. ಮೇಜಿನ ಮೇಲೆ ಎಣ್ಣೆಯಲ್ಲಿ ಕರಿದ ಉಂಡೆಯುಂಡೆ ಗೋಳಿಬಜೆ, ಜಾಮೂನು, ದ್ರಾಕ್ಷಿ. ಹುಡುಗನ ಚಿಕ್ಕಮ್ಮ ಗೋಡೆಯಲ್ಲಿದ್ದ ನನ್ನ ಅಕ್ಕನ ಮದುವೆಯ ಫೋಟೋ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅದೇ ಅಪ್ಪ, ಅದೇ ಅಮ್ಮ. ಆದ್ರೆ ಇವಳು ಅಕ್ಕನ ಹಾಗೆ ಇಲ್ವಲ್ಲ?"

ಚಿಕ್ಕಂದಿನಿಂದ ಕೇಳಿದ ಮಾತೇ. ಆದರೂ ಕಾಫಿ ತಟ್ಟೆ ಹಿಡಿದು ನಿಂತಲ್ಲೇ ಭೂಮಿಗಿಳಿದು ಹೋದ ಹಾಗಾಯಿತು.

"ಇಲ್ಲಿ ನೋಡಿ ಮಾರಾಯ್ರೆ," ಅತ್ತೆ ಎರಡು ಗೋಳಿಬಜೆ ಎಳೆದುಕೊಂಡರು. "ಇದು ಇಂಗಾಲ." ಆರು ದ್ರಾಕ್ಷಿ ಜಲಜನಕವಂತೆ, ಒಂದು ಜಾಮೂನು ಆಮ್ಲಜನಕವಂತೆ! ಟೂತ್‌ಪಿಕ್ ಚುಚ್ಚಿ ಎಲ್ಲ ಜೋಡಿಸಿ, ಜಾಮೂನನ್ನು ಒಂದು ಬದಿಗೆ ಸಿಕ್ಕಿಸಿದರು. "ಇದು ಸಾರಾಯಿ."

"ಸಾರಾಯಿಯಾ!" ಹುಡುಗನ ಅಪ್ಪ ಕುರ್ಚಿ ಸಮೇತ ಹಿಂದೆ ಸರಿದರು.

ಅತ್ತೆ ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿ, ಈ ಸಲ ಜಾಮೂನನ್ನು ಎರಡು ಬಜೆಗಳ ನಡುವೆ ಕೂರಿಸಿದರು. "ಈಗ ಇದು ಒಂದು ಅನಿಲ. ಕುಡಿಯಲಿಕ್ಕೆ ಅಲ್ಲ, ಸ್ಪ್ರೇ ಡಬ್ಬಿಗೆ ತುಂಬಿಸ್ತಾರೆ. ಸಾಮಾನು ಅದೇ, ಅಣುಸೂತ್ರವೂ ಅದೇ. ಜೋಡಣೆ ಬೇರೆ, ಹಾಗಾಗಿ ವಸ್ತುವೇ ಬೇರೆ! ಇದು ಯಾಕೆ ಅದರ ಹಾಗೆ ಇಲ್ಲ ಅಂತ ಯಾರಾದ್ರೂ ಕೇಳ್ತಾರಾ?"

ಚಿಕ್ಕಮ್ಮನ ಬಾಯಿಗೆ ಹೋಗಬೇಕಾದ ಬಜೆ ಗಾಳಿಯಲ್ಲೇ ನಿಂತಿತು. ಅಮ್ಮ ಗೋಡೆ ಹಿಡಿದುಕೊಂಡರು. ಆಗ ಹುಡುಗ ಮೆಲ್ಲ ಕೈಚಾಚಿ, ನಡುವಿನ ಜಾಮೂನು ಕಿತ್ತು ಬಾಯಿಗೆ ಹಾಕಿಬಿಟ್ಟ!

"ಆಮ್ಲಜನಕ ತಿಂದಿಯಾ!" ಅತ್ತೆ ಕಿರುಚಿದರು. "ಉಳಿದದ್ದು ಈಥೇನ್! ಕಡ್ಡಿ ಗೀರಿದರೆ ಉರಿಯುತ್ತದೆ!"

"ಹೋಗುವ," ಎಂದು ಹುಡುಗನ ಅಪ್ಪ ಎದ್ದೇಬಿಟ್ಟರು. ಕಾರು ಹೊರಟೇಹೋಯಿತು.

ಸಂಜೆಯವರೆಗೆ ಅತ್ತೆಯೊಟ್ಟಿಗೆ ಯಾರೂ ಮಾತಾಡಲಿಲ್ಲ. ನಾನು ಹುಡುಕಿಕೊಂಡು ಹೋದಾಗ ಅವರು ಬಾವಿಕಟ್ಟೆಯ ಹತ್ತಿರ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು.

"ನಿನ್ನ ಸಂಬಂಧ ಹಾಳು ಮಾಡಿದೆನಾ ಮಗಳೇ?" ಎಂದರು. "ನಿನ್ನನ್ನು ಹಾಗೆ ಹೇಳಿದ್ದು ಕೇಳಿ ಸುಮ್ಮನೆ ಕೂರಲಿಕ್ಕೆ ನನ್ನಿಂದ ಆಗಲಿಲ್ಲ."

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಹುಡುಗನೇ! "ನನಗೆ ಒಪ್ಪಿಗೆ ಉಂಟು. ಮನೆಯವರಿಗೆ ನಾನು ಹೇಳ್ತೇನೆ," ಎಂದ. ಆಮೇಲೆ, "ನಿಮಗೆ ಒಪ್ಪಿಗೆಯಾ?" ಎಂದು ಕೇಳಿದ. ಇಡೀ ದಿನದಲ್ಲಿ ನನ್ನನ್ನು ಅದನ್ನು ಕೇಳಿದವನು ಅವನೊಬ್ಬನೇ. ಹೌದೆಂದೆ.

ಅತ್ತೆಗೆ ಹೇಳಿದೆ. ಅವರು ಏನೂ ವಿವರಿಸಲಿಲ್ಲ. ಒದ್ದೆ ಕೈಗಳಲ್ಲಿ ನನ್ನ ಮುಖ ಹಿಡಿದುಕೊಂಡು ನೋಡುತ್ತಲೇ ಇದ್ದರು.